ಕೆರೆಯ ದೋಣಿಗೆ ವಿದ್ಯುತ್ ಮೋಟಾರು: ಕೊಳ್ಳುವ ಮುನ್ನ



ಕಳೆದ ಹಿಂಗಾರಿನಲ್ಲಿ ಕಡಲೆ ಬೆಳೆ ನೋಡಲೆಂದು ಮುಳಗುಂದದ ಕಡೆಗೆ ಹೋಗಿದ್ದೆ. ಬದುವಿನ ಮೇಲೆ ಕುಳಿತು ಕಾಯಿಕೊರಕದ ಮಾತು ಮುಗಿದ ಮೇಲೆ ಒಬ್ಬ ರೈತರು ಸಂಕೋಚದಿಂದಲೇ ಬೇರೊಂದು ವಿಷಯ ತೆಗೆದರು. ಅವರೂ ಅವರ ಓಣಿಯ ನಾಲ್ವರೂ ಕೂಡಿ ಒಂದು ಕೆರೆಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಹಿಡಿದಿದ್ದಾರೆ. ಕಾಟ್ಲಾ, ರೋಹು ಮರಿ ಬಿಟ್ಟಿದ್ದಾರೆ. ಇರುವುದೊಂದು ಹಳೆಯ ದೋಣಿ. ಹುಟ್ಟು ಹಾಕುವವರಿಗೆ ಅರವತ್ತು ದಾಟಿದೆ. ಮಗ ಮೊಬೈಲಿನಲ್ಲಿ ಸದ್ದಿಲ್ಲದೆ ಓಡುವ ಒಂದು ಮೋಟಾರು ದೋಣಿಯನ್ನು ತೋರಿಸಿ, ಇದನ್ನೇ ತರೋಣ ಎಂದು ಬೆನ್ನು ಹತ್ತಿದ್ದಾನೆ. "ಮೆಣಸಿನಕಾಯಿ ರೊಕ್ಕ ಬಂದೈತ್ರಿ ಸರ. ಹಾಕಬಹುದೇನ್ರಿ?" ಎಂದು ಕೇಳಿದರು.

ನಾನು ಆ ಹೊತ್ತಿಗೆ ಹೌದು ಎನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮೆಣಸಿನಕಾಯಿಯ ಹಣ ಎಷ್ಟು ಕಷ್ಟದ್ದು ಎಂಬುದು ನಿಮಗೆ ಹೇಳಬೇಕಾದ್ದಿಲ್ಲ. ಅದನ್ನು ನೀರಿಗೆ ಹಾಕುವ ಮುನ್ನ ನಾಲ್ಕು ಲೆಕ್ಕಗಳನ್ನು ಕೂಡಿ ಕುಳಿತು ಮಾಡುವುದು ಒಳ್ಳೆಯದು. ಇಂಥ ಪ್ರಶ್ನೆ ಅವರೊಬ್ಬರದೇ ಇರಲಾರದು. ಡಂಬಳದಂಥ ದೊಡ್ಡ ಕೆರೆಯ ಸುತ್ತಲಿನವರು, ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನ ದಂಡೆಯವರು, ಶಿರಹಟ್ಟಿಯ ಕಡೆ ತುಂಗಭದ್ರೆಯ ಅಂಚಿನವರು ಇವತ್ತಲ್ಲ ನಾಳೆ ಇದನ್ನು ಕೇಳಿಯೇ ಕೇಳುತ್ತಾರೆ. ಆದ್ದರಿಂದ ಬದುವಿನ ಮೇಲೆ ಹೇಳದೆ ಉಳಿಸಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಂತ ನೀರಿನಲ್ಲಿ, ನಿಧಾನದ ಕೆಲಸಕ್ಕೆ, ದಿನಾಲೂ ದೋಣಿ ಇಳಿಸುವವರಿಗೆ ಈ ಮೋಟಾರು ಒಳ್ಳೆಯ ಸಾಧನ. ಹರಿಯುವ ಹೊಳೆಗೆ ಅದು ಸಾಧನವಲ್ಲ, ಅಪಾಯ. ಖರ್ಚು ಉಳಿಯುತ್ತದೆಂದು ಯಾರಾದರೂ ಹೇಳಿದರೆ ಆ ಮಾತನ್ನು ಕಾಗದದ ಮೇಲೆ ಕೂಡಿಸಿ ಕಳೆದು ನೋಡದೆ ಒಪ್ಪಬೇಡಿ.

ಯಂತ್ರ ಬಹಳ ಸರಳವಾದದ್ದು. ಒಂದು ಉದ್ದ ಕೊಳವೆ, ಅದರ ಕೆಳತುದಿಯಲ್ಲಿ ನೀರು ಹೊಗದಂತೆ ಮುಚ್ಚಿದ ಮೋಟಾರು, ಅದಕ್ಕೊಂದು ಪುಟ್ಟ ಪಂಖಾ. ಕೊಳವೆಯ ಮೇಲ್ತುದಿಯಲ್ಲಿ ಹಿಡಿಕೆ. ಹಿಡಿಕೆ ತಿರುಗಿಸಿದರೆ ದೋಣಿ ತಿರುಗುತ್ತದೆ. ದೋಣಿಯ ಹಿಂದಿನ ಹಲಗೆಗೆ ಎರಡು ತಿರುಪು ಬಿಗಿದರೆ ಜೋಡಿಸಿದಂತಾಯಿತು. ಬೇಡವಾದಾಗ ಬಿಚ್ಚಿ ಮನೆಗೆ ಒಯ್ಯಬಹುದು. ನಿಮ್ಮ ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪಿನ ತಮ್ಮ ಎಂದುಕೊಳ್ಳಿ. ವ್ಯತ್ಯಾಸವಿಷ್ಟೆ, ಪಂಪಿಗೆ ತಂತಿಯಲ್ಲಿ ಕರೆಂಟು ಬರುತ್ತದೆ, ಇದಕ್ಕೆ ಬ್ಯಾಟರಿಯನ್ನು ದೋಣಿಯಲ್ಲೇ ಹೊರಬೇಕು.

ಹೊಸ ಕಾಲದ ಆಟಿಕೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ೧೮೮೧ರಲ್ಲಿಯೇ ಗುಸ್ತಾವ್ ತ್ರೂವೆ ಎಂಬ ಫ್ರೆಂಚ್ ಯಂತ್ರಜ್ಞ ಪ್ಯಾರಿಸಿನ ಸೇನ್ ನದಿಯಲ್ಲಿ ಇಂಥ ಬಿಚ್ಚಿ ಹಾಕುವ ವಿದ್ಯುತ್ ಮೋಟಾರನ್ನು ದೋಣಿಗೆ ಕಟ್ಟಿ ಓಡಿಸಿ ತೋರಿಸಿದ. ಜರ್ಮನಿಯ ಬವೇರಿಯಾದಲ್ಲಿ ಕೋನಿಗ್ಸೀ ಎಂಬ ಸರೋವರವಿದೆ. ಅಲ್ಲಿ ೧೯೦೯ರಿಂದಲೂ ಪ್ರಯಾಣಿಕರ ದೋಣಿಗಳು ವಿದ್ಯುತ್ತಿನಿಂದಲೇ ನಡೆಯುತ್ತಿವೆ. ನಮ್ಮ ನೆರೆಯ ಕೇರಳದಲ್ಲಿ ವೈಕಂನಿಂದ ತವಣಕ್ಕಡವಿಗೆ ಜನರನ್ನು ದಾಟಿಸುವ 'ಆದಿತ್ಯ' ಎಂಬ ೭೫ ಆಸನಗಳ ದೋಣಿ ೨೦೧೭ರ ಜನವರಿಯಲ್ಲಿ ನೀರಿಗಿಳಿಯಿತು. ಚಾವಣಿಯ ಮೇಲಿನ ಸೌರಫಲಕಗಳಿಂದ ಬ್ಯಾಟರಿ ತುಂಬಿಕೊಳ್ಳುವ ಇದು ನಮ್ಮ ದೇಶದ ಮೊದಲ ಸೌರ ಫೆರಿ ದೋಣಿ. ಈ ಎರಡು ಸೇವೆಗಳನ್ನೂ ಸ್ವಲ್ಪ ಗಮನಿಸಿ ನೋಡಿ. ಒಂದು ಸರೋವರದ್ದು, ಇನ್ನೊಂದು ಹಿನ್ನೀರಿನದ್ದು. ದೂರ ಗೊತ್ತುಮಾಡಿದ್ದು, ಹೊತ್ತು ಗೊತ್ತುಮಾಡಿದ್ದು, ದೋಣಿ ದಿನವೆಲ್ಲ ದುಡಿಯುತ್ತದೆ. ನಮ್ಮ ಲೆಕ್ಕಕ್ಕೆ ಈ ಮೂರೂ ಅಂಶಗಳು ಮುಂದೆ ಬೇಕಾಗುತ್ತವೆ.

ಈಗ ಶಕ್ತಿಯ ಮಾತು. ಅಂಗಡಿಯವರು ಈ ಮೋಟಾರುಗಳನ್ನು ಹಾರ್ಸ್‌ಪವರಿನಲ್ಲಿ ಹೇಳದೆ ನೂಕುಬಲದ ಪೌಂಡುಗಳಲ್ಲಿ ಹೇಳುತ್ತಾರೆ. ೩೦ ಪೌಂಡಿನದು, ೫೫ ಪೌಂಡಿನದು ಎಂದು ಕೇಳಿದರೆ ಭಾರಿಯೆನಿಸುತ್ತದೆ. ನೆನಪಿಡಲು ಒಂದು ಸುಲಭ ಸೂತ್ರ ಹೇಳುತ್ತೇನೆ. ೧೨ ವೋಲ್ಟಿನ ಮೋಟಾರು ಪೂರ್ಣ ವೇಗದಲ್ಲಿ ಪೌಂಡಿಗೆ ಹೆಚ್ಚುಕಡಿಮೆ ಒಂದು ಆಂಪಿಯರ್ ಎಳೆಯುತ್ತದೆ. ಅಂದರೆ ೩೦ ಪೌಂಡಿನದು ಸುಮಾರು ೩೬೦ ವಾಟ್, ಅರ್ಧ ಹಾರ್ಸ್‌ಪವರ್. ೫೫ ಪೌಂಡಿನದು ಸುಮಾರು ೬೦೦ ವಾಟ್, ಒಂದು ಹಾರ್ಸ್‌ಪವರಿಗೂ ಕಡಿಮೆ. ಐದು ಹಾರ್ಸ್‌ಪವರಿನ ಪಂಪ್‌ಸೆಟ್ಟು ನಡೆಸುವ ನಿಮಗೆ ಇದು ನಗೆಪಾಟಲೆನಿಸಬಹುದು. ಆದರೆ ಹುಟ್ಟು ಹಾಕುವ ಮನುಷ್ಯ ತಾಸುಗಟ್ಟಲೆ ಕೊಡಬಲ್ಲ ಶಕ್ತಿ ೭೫ ವಾಟಿನ ಆಸುಪಾಸಿನದು. ಆ ಅಳತೆಗೆ ಇದು ಸಣ್ಣದಲ್ಲ. ಇಬ್ಬರು ಕುಳಿತ ಹನ್ನೆರಡು ಅಡಿಯ ದೋಣಿಯನ್ನು ೫೫ ಪೌಂಡಿನ ಮೋಟಾರು ತಾಸಿಗೆ ೫-೬ ಕಿಲೋಮೀಟರು ಒಯ್ಯುತ್ತದೆ, ಹೆಚ್ಚಲ್ಲ.

ನೀರಿನ ಸ್ವಭಾವವೊಂದನ್ನು ಇಲ್ಲಿ ತಿಳಿದುಕೊಳ್ಳಬೇಕು. ರಸ್ತೆಯ ಮೇಲೆ ಚಕ್ಕಡಿಯ ವೇಗ ಹೆಚ್ಚಿದಂತೆ ಎತ್ತಿಗೆ ದಣಿವು ಹೆಚ್ಚುವುದು ಒಂದು ತೆರನಾದರೆ, ನೀರಿನಲ್ಲಿ ಅದು ಇನ್ನೊಂದು ತೆರ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಪೂರ್ಣ ವೇಗದಲ್ಲಿ ಮುಕ್ಕಾಲು ತಾಸಿಗೆ ಸುಸ್ತಾಗುವ ಬ್ಯಾಟರಿ ನಿಧಾನವಾಗಿ ಹೋದರೆ ಮುಂಜಾನೆಯೆಲ್ಲ ನಡೆಯುತ್ತದೆ. ಆದ್ದರಿಂದ ಈ ಯಂತ್ರ ಅವಸರದವರ ಯಂತ್ರವಲ್ಲ. ಕೊಳ್ಳುವವರು ವೇಗದ ನಿಯಂತ್ರಣ ಹೇಗಿದೆ ಎಂದು ಕೇಳಿ ನೋಡಬೇಕು. ಐದು ಮೆಟ್ಟಿಲಿನ ಹಳೆಯ ಮಾದರಿಗಳು ಕಡಿಮೆ ವೇಗದಲ್ಲಿಯೂ ಕರೆಂಟನ್ನು ಶಾಖವಾಗಿ ಕಳೆಯುತ್ತವೆ. ಮೆಟ್ಟಿಲಿಲ್ಲದೆ ಬೇಕಾದಷ್ಟೇ ತಿರುಗಿಸುವ ಮಾದರಿಗೆ ಬೆಲೆ ಹೆಚ್ಚಾದರೂ ಬ್ಯಾಟರಿ ಉಳಿಸುತ್ತದೆ.

ಮೋಟಾರಿನ ಕಥೆ ಇಷ್ಟಕ್ಕೆ ಮುಗಿಯಿತು. ನಿಜವಾದ ಕಥೆ ಬ್ಯಾಟರಿಯದು. ಹಣ ಹೋಗುವುದೂ ಅಲ್ಲಿಯೇ, ಜನ ಮೋಸ ಹೋಗುವುದೂ ಅಲ್ಲಿಯೇ.

ಮೊದಲಿಗೆ ಎಲ್ಲರಿಗೂ ಹೊಳೆಯುವ ಉಪಾಯ ಟ್ರ್ಯಾಕ್ಟರಿನ ಬ್ಯಾಟರಿ. ನನಗೂ ಹೊಳೆದಿತ್ತು. ಕೆಲವು ವರ್ಷಗಳ ಹಿಂದೆ ಎರವಲು ತಂದ ಒಂದು ಮೋಟಾರಿಗೆ ಟ್ರ್ಯಾಕ್ಟರಿನ ಬ್ಯಾಟರಿ ಕಟ್ಟಿ ಕೆರೆಗಿಳಿದೆ. ಮೊದಲ ವಾರ ಸಂಭ್ರಮ. ಮೂರನೆಯ ವಾರಕ್ಕೆ ಕೆರೆಯ ನಡುವೆ ನಿಂತಿತು. ಹುಟ್ಟನ್ನು ದಂಡೆಯಲ್ಲೇ ಬಿಟ್ಟು ಹೋಗಿದ್ದ ಜಾಣತನಕ್ಕೆ ಕೈಯಿಂದ ನೀರು ಎಳೆಯುತ್ತ ದಡ ಸೇರಿದೆ. ಆ ಹಂಗಾಮು ಮುಗಿಯುವುದರೊಳಗೆ ಬ್ಯಾಟರಿ ಟ್ರ್ಯಾಕ್ಟರಿಗೂ ಬಾರದೆ ಹೋಯಿತು. ತಪ್ಪು ಬ್ಯಾಟರಿಯದಲ್ಲ. ಎಂಜಿನ್ನಿಗೆ ಎರಡು ಮೂರು ಸೆಕೆಂಡು ಜೋರಾದ ಪೆಟ್ಟು ಕೊಟ್ಟು ಸುಮ್ಮನಾಗುವುದಕ್ಕಾಗಿ ಅದನ್ನು ಮಾಡಿರುತ್ತಾರೆ. ಅದರ ಫಲಕಗಳು ತೆಳು. ಸಾವಕಾಶ ಬರಿದು ಮಾಡಿ ಮತ್ತೆ ತುಂಬುವ ದುಡಿಮೆಗೆ ದಪ್ಪ ಫಲಕದ ಬೇರೆ ಜಾತಿಯ ಬ್ಯಾಟರಿ ಬೇಕು. ಮನೆಯ ಇನ್ವರ್ಟರಿಗೆ ಇಡುವ ಟ್ಯೂಬ್ಯುಲರ್ ಬ್ಯಾಟರಿ ಆ ಜಾತಿಯದು. ಆದರೆ ೧೫೦ ಆಂಪಿಯರ್-ಅವರ್‌ನದು ಐವತ್ತು ಕಿಲೋ ಮೀರಿ ತೂಗುತ್ತದೆ, ಒಳಗೆ ತುಳುಕುವ ಆಮ್ಲ. ದೋಣಿ ಓಲಾಡುವ ವಸ್ತು ಎಂಬುದನ್ನು ಮರೆಯಬಾರದು.

ಇನ್ನೊಂದು ಜಾತಿ ಲಿಥಿಯಂ. ಅದರಲ್ಲಿಯೂ ಲಿಥಿಯಂ ಐರನ್ ಫಾಸ್ಫೇಟ್ ಎಂಬುದು ದೋಣಿಗೆ ತಕ್ಕದ್ದು. ೧೦೦ ಆಂಪಿಯರ್-ಅವರ್‌ನದು ಹನ್ನೆರಡು ಕಿಲೋದ ಆಸುಪಾಸು ತೂಗುತ್ತದೆ. ಒಬ್ಬ ಹುಡುಗ ಹೆಗಲ ಮೇಲೆ ಹೊತ್ತು ಮನೆಗೆ ಒಯ್ಯಬಹುದು. ಕೆರೆಯ ದಂಡೆಯಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಇಲ್ಲವಾಗುತ್ತದೆ ಎಂಬುದರಿಂದ ಈ ಗುಣ ಸಣ್ಣದಲ್ಲ.

ಈಗ ಲೆಕ್ಕ. ಬೆಲೆಗಳನ್ನು ನಾನು ಉದಾಹರಣೆಗೆಂದು ಹಿಡಿಯುತ್ತೇನೆ, ನೀವು ಅಂಗಡಿಯಲ್ಲಿ ಕೇಳಿದ ಬೆಲೆ ಹಾಕಿ ನೋಡಿ. ೧೦೦ ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಗೆ ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಬೇಗ ಸಾಯುತ್ತದೆ. ಆದ್ದರಿಂದ ಒಂದು ಸಲಕ್ಕೆ ಸಿಗುವುದು ೬೦೦ ವಾಟ್-ಅವರ್, ಎಂದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಹೀಗೆ ೪೦೦ ಸಲ ಬಳಸಿದರೆ ೨೪೦ ಯೂನಿಟ್. ಯೂನಿಟ್ಟಿಗೆ ಬ್ಯಾಟರಿಯ ಸವಕಳಿಯೇ ೪೨ ರೂಪಾಯಿ ಬಿತ್ತು. ಲಿಥಿಯಂ ಬ್ಯಾಟರಿಗೆ ಮೂವತ್ತು ಸಾವಿರ ಎಂದುಕೊಳ್ಳಿ. ಒಂದು ಸಲಕ್ಕೆ ಒಂದು ಯೂನಿಟ್ ಕೊಡುತ್ತದೆ. ಎರಡು ಸಾವಿರ ಸಲ ತಡೆದರೆ ಯೂನಿಟ್ಟಿಗೆ ೧೫ ರೂಪಾಯಿ. ಹಾಗಾದರೆ ಲಿಥಿಯಮ್ಮೇ ಅಗ್ಗವಲ್ಲವೇ ಎಂದು ಅಂಗಡಿಯವರು ಕೇಳುತ್ತಾರೆ. ತಡೆಯಿರಿ. ನಮ್ಮ ಕೆರೆಯಲ್ಲಿ ವರ್ಷಕ್ಕೆ ನೂರು ದಿನ ದೋಣಿ ಇಳಿಸಿದರೆ ಎರಡು ಸಾವಿರ ಸಲಕ್ಕೆ ಇಪ್ಪತ್ತು ವರ್ಷ ಬೇಕು. ಬ್ಯಾಟರಿ ದುಡಿದರೂ ದುಡಿಯದಿದ್ದರೂ ಮುಪ್ಪಾಗುತ್ತದೆ. ಹತ್ತು ವರ್ಷ ಬಾಳಿತೆಂದರೂ ಒಂದು ಸಾವಿರ ಸಲ, ಯೂನಿಟ್ಟಿಗೆ ೩೦ ರೂಪಾಯಿ. ಕರೆಂಟಿನ ಬಿಲ್ಲು ಬೇರೆ.

ಪೆಟ್ರೋಲ್ ಎಂಜಿನ್ನಿನೊಡನೆ ಹೋಲಿಸೋಣ. ಸಣ್ಣ ಎಂಜಿನ್ ಒಂದು ಲೀಟರಿನಲ್ಲಿ ಮಾಡುವ ಕೆಲಸವನ್ನು ವಿದ್ಯುತ್ ಮೋಟಾರು ಸುಮಾರು ಎರಡು ಯೂನಿಟ್ಟಿನಲ್ಲಿ ಮಾಡಬಲ್ಲದು. ಲೀಟರಿಗೆ ನೂರು ರೂಪಾಯಿ ಹಿಡಿದರೆ ಯೂನಿಟ್ಟಿನ ಸಮಕ್ಕೆ ೫೦ ರೂಪಾಯಿ. ಅಂದರೆ ವರ್ಷಕ್ಕೆ ನೂರು ದಿನದ ದುಡಿಮೆಯಲ್ಲಿ ಸೀಸದ ಬ್ಯಾಟರಿಯೂ ಪೆಟ್ರೋಲೂ ಹೆಚ್ಚುಕಡಿಮೆ ಒಂದೇ ಖರ್ಚು. ಲಿಥಿಯಂನಿಂದ ಸ್ವಲ್ಪ ಉಳಿಯುತ್ತದೆ, ಆದರೆ ಹಣ ಮೊದಲೇ ಸುರಿಯಬೇಕು. ವೈಕಂನ ದೋಣಿಗೆ ಲಾಭವಾಗುವುದು ಅದು ದಿನವೆಲ್ಲ ದುಡಿಯುವುದರಿಂದ. ಇನ್ನು ಹುಟ್ಟಿನೊಡನೆ ಹೋಲಿಸಿದರೆ ಎರಡೂ ಸೋಲುತ್ತವೆ, ಹುಟ್ಟಿಗೆ ಖರ್ಚೇ ಇಲ್ಲ.

ಹಾಗಾದರೆ ಇದನ್ನು ಏತಕ್ಕೆ ಕೊಳ್ಳಬೇಕು? ನನ್ನ ಮಟ್ಟಿಗೆ ಎರಡು ಕಾರಣಗಳಿವೆ. ಹಣ ಉಳಿಯುವುದು ಅವುಗಳಲ್ಲಿ ಒಂದಲ್ಲ.

ಮೊದಲನೆಯದು ನೀರು. ಹಳೆಯ ಮಾದರಿಯ ಎರಡು-ಸ್ಟ್ರೋಕ್ ಎಂಜಿನ್ನಿನಲ್ಲಿ ಹಾಕಿದ ಇಂಧನದ ಕಾಲುಭಾಗದಷ್ಟು ಉರಿಯದೆಯೇ ಹೊಗೆಯೊಡನೆ ಹೊರಬೀಳುತ್ತದೆ. ದೋಣಿಯಲ್ಲಿ ಅದು ಬೀಳುವುದು ನೀರಿಗೆ. ಕಳೆ ಕತ್ತರಿಸುವ ಯಂತ್ರಕ್ಕೆ ಪಂಖಾ ಜೋಡಿಸಿ ದೋಣಿಗೆ ಕಟ್ಟುವ ಉಪಾಯವೂ ಈಗ ಬಂದಿದೆ, ಅದರದೂ ಇದೇ ಹಣೆಬರಹ. ಸಮುದ್ರಕ್ಕೆ ಅದು ಲೆಕ್ಕಕ್ಕಿಲ್ಲದಿರಬಹುದು. ಕರಾವಳಿಯ ನಾಡದೋಣಿಗಳು ಬಹುಕಾಲ ಸೀಮೆಎಣ್ಣೆ ಎಂಜಿನ್ನಿನ ಮೇಲೆ ನಡೆದಿವೆ. ಅಲೆಯ ಎದುರು ಹೋಗುವ ಆ ಕೆಲಸಕ್ಕೆ ನಾನು ಹೇಳುತ್ತಿರುವ ಪುಟ್ಟ ಮೋಟಾರು ಸಾಲದು. ಆದರೆ ನಮ್ಮ ಕೆರೆಯದು ನಿಂತ ನೀರು. ಅದೇ ನೀರನ್ನು ದನ ಕುಡಿಯುತ್ತವೆ, ಅದೇ ನೀರಿನಲ್ಲಿ ನಿಮ್ಮ ಮೀನು ಬೆಳೆಯುತ್ತದೆ. ಎಣ್ಣೆಯ ವಾಸನೆ ಹಿಡಿದ ಮೀನನ್ನು ಗದಗ ಪೇಟೆಯಲ್ಲಿ ಯಾರು ಕೊಳ್ಳುತ್ತಾರೆ?

ಎರಡನೆಯದು ಗಾಳಿ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಮುಂಗಾರಿನಲ್ಲಿ ನಮ್ಮ ಬಯಲಿನ ಗಾಳಿ ಎಂಥದೆಂಬುದು ರಾಶಿ ತೂರಿದವರಿಗೆ ಗೊತ್ತು. ಸಂಜೆ ಬಿಟ್ಟ ಬಲೆಯನ್ನು ಬೆಳಗಿನ ಜಾವ ಎತ್ತುವಾಗ ಎರಡೂ ಕೈ ಬಲೆಯ ಮೇಲಿರುತ್ತವೆ, ದೋಣಿಯನ್ನು ಗಾಳಿ ಬಲೆಯ ಮೇಲೆಯೇ ತಳ್ಳುತ್ತಿರುತ್ತದೆ. ಆಗ ಹುಟ್ಟು ಹಿಡಿಯಲು ಇನ್ನೊಬ್ಬರು ಬೇಕು. ಮೋಟಾರು ಇದ್ದರೆ ಒಂದು ಬಲೆಯಿಂದ ಇನ್ನೊಂದಕ್ಕೆ ಗಾಳಿಯ ಎದುರು ಹೋಗುವುದು ಸುಲಭ. ಅರವತ್ತು ದಾಟಿದವರ ರಟ್ಟೆಗೆ ಅದು ದೊಡ್ಡ ಉಪಕಾರ. ಆದರೆ ಬಲೆ ಎತ್ತುವ ಹೊತ್ತಿಗೆ ಮೋಟಾರನ್ನು ನೀರಿನಿಂದ ಮೇಲೆತ್ತಿರಲೇಬೇಕು. ನೈಲಾನ್ ಎಳೆ ಪಂಖಾಕ್ಕೆ ಸುತ್ತಿದರೆ ಬಲೆಯೂ ಹೋಯಿತು, ದಾರ ಒಳಹೊಕ್ಕು ಸೀಲು ಹರಿದರೆ ಮೋಟಾರೂ ಹೋಯಿತು. ಅಂತರಗಂಗೆ, ಜೊಂಡು, ತಾವರೆ ತುಂಬಿದ ಕೆರೆಯಲ್ಲಂತೂ ಪ್ರತಿ ಹತ್ತು ಮಾರಿಗೆ ಒಮ್ಮೆ ನಿಲ್ಲಿಸಿ ಪಂಖಾ ಬಿಡಿಸುತ್ತ ಕೂರಬೇಕಾಗುತ್ತದೆ. ಅಂಥಲ್ಲಿ ಜಲ್ಲೆಯೇ ಲೇಸು.

ಕೆರೆಯ ಅಳತೆಯನ್ನೂ ನೋಡಬೇಕು. ೫೦ ಹೆಕ್ಟೇರಿನ ಕೆರೆ ಎಂದರೆ ಅಡ್ಡಕ್ಕೆ ಸುಮಾರು ೭೦೦ ಮೀಟರು. ನಿಧಾನವಾಗಿ ಹುಟ್ಟು ಹಾಕಿದರೂ ಕಾಲು ತಾಸಿಗೆ ಆಚೆ ದಡ. ಇಷ್ಟು ದೂರಕ್ಕೆ ಮೋಟಾರು ಬೇಕೇ ಎಂಬುದನ್ನು ನೀವೇ ಹೇಳಿ. ಕೃಷಿ ಹೊಂಡಕ್ಕೆ ದೋಣಿ ಇಳಿಸಬಹುದೇ ಎಂದು ಕೇಳಿದವರೂ ಇದ್ದಾರೆ! ೨೧ ಮೀಟರು ಉದ್ದಗಲದ ಹೊಂಡದಲ್ಲಿ ದೋಣಿ ತಿರುಗಿಸುವುದೇ ಕಷ್ಟ. ಅಲ್ಲಿ ಬೇಕಾದದ್ದು ಸುತ್ತ ತಂತಿ ಬೇಲಿ, ಒಳಗೆ ಬಿದ್ದವರು ಹಿಡಿದು ಮೇಲೆ ಬರಲು ಒಂದು ಹಗ್ಗ.

ಇದಕ್ಕಿಂತ ದೊಡ್ಡ ಮಾತು, ನಮ್ಮ ಕೆರೆಗಳಲ್ಲಿ ನೀರು ಎಷ್ಟು ತಿಂಗಳು ಇರುತ್ತದೆ ಎಂಬುದು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಹೊಳೆಯ ನೀರು ತಂದು ತುಂಬಿಸುವ ಕೆರೆಗಳ ಮಾತು ಬೇರೆ. ಮಳೆಯನ್ನೇ ನಂಬಿದ ಕೆರೆ ಬೇಸಿಗೆಗೆ ತಳ ಕಾಣುತ್ತದೆ, ಬರ ಬಂದ ವರ್ಷ ತುಂಬುವುದೇ ಇಲ್ಲ. ದೋಣಿಯನ್ನು ಬೋರಲು ಹಾಕಿ ನೆರಳಲ್ಲಿಟ್ಟರೆ ಎರಡು ವರ್ಷ ಕಾಯುತ್ತದೆ, ಹುಟ್ಟು ಮೂಲೆಯಲ್ಲಿ ಎಷ್ಟು ವರ್ಷವಾದರೂ ನಿಂತಿರುತ್ತದೆ. ಬ್ಯಾಟರಿ ಹಾಗಲ್ಲ. ಸೀಸದ ಬ್ಯಾಟರಿಯನ್ನು ಬರಿದಾಗಿಯೇ ಮೂರು ತಿಂಗಳು ಬಿಟ್ಟರೆ ಫಲಕಗಳ ಮೇಲೆ ಬಿಳಿಯ ಪೊರೆ ಕಟ್ಟಿ ಮತ್ತೆ ಚಾರ್ಜು ಹಿಡಿಯುವುದಿಲ್ಲ. ಕೆರೆ ಒಣಗಿದ ಕಾಲದಲ್ಲಿ ಅದನ್ನು ತಿಂಗಳಿಗೊಮ್ಮೆ ಪೂರ್ತಿ ತುಂಬಬೇಕು, ಇಲ್ಲವೇ ಮನೆಯ ಇನ್ವರ್ಟರಿಗೆ ಜೋಡಿಸಿ ದುಡಿಸಬೇಕು. ಇದು ಒಳ್ಳೆಯ ಉಪಾಯವೂ ಹೌದು. ವರ್ಷಕ್ಕೆ ನೂರು ದಿನ ದೋಣಿಯಲ್ಲಿ, ಉಳಿದ ದಿನ ಮನೆಯಲ್ಲಿ ದೀಪಕ್ಕೆ ದುಡಿದರೆ ಮೇಲಿನ ಲೆಕ್ಕ ಸುಧಾರಿಸುತ್ತದೆ. ಲಿಥಿಯಂ ಬ್ಯಾಟರಿಗೆ ತದ್ವಿರುದ್ಧ ಪಥ್ಯ. ಅದನ್ನು ಅರ್ಧ ತುಂಬಿಸಿ ತಂಪಾದ ಜಾಗದಲ್ಲಿಡಬೇಕು. ತಗಡಿನ ಚಪ್ಪರದ ಕೆಳಗೆ ಏಪ್ರಿಲ್ ತಿಂಗಳಿನಲ್ಲಿ ಇಟ್ಟರೆ ಅದರ ಆಯುಷ್ಯ ನೀವೇ ತಿಂದಂತೆ.

ಚಾರ್ಜು ಮಾಡುವುದು ಮನೆಯಲ್ಲಿಯೇ ಆಗಲಿ. ೨೦೦ ವಾಟಿನ ಒಂದು ಸೌರಫಲಕವಿದ್ದರೆ ನಮ್ಮ ಬಿಸಿಲಿಗೆ ದಿನಕ್ಕೆ ಮುಕ್ಕಾಲರಿಂದ ಒಂದು ಯೂನಿಟ್ ಸಿಗುತ್ತದೆ, ಒಂದು ದಿನದ ಮೀನುಗಾರಿಕೆಗೆ ಅಷ್ಟು ಸಾಕು. ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಬ್ಯಾಟರಿ ದುಬಾರಿಯೆಂದು ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ದೋಣಿಗೆ ತಂತಿ ಎಳೆಯುವ ಸಾಹಸವನ್ನು ಯಾರೂ ಮಾಡಬಾರದು. ೨೩೦ ವೋಲ್ಟು ನೀರಿನಲ್ಲಿ ಸೋರಿದರೆ ದೋಣಿಯಲ್ಲಿದ್ದವರೂ ಹೋಗುತ್ತಾರೆ, ದಂಡೆಯಲ್ಲಿ ಎಮ್ಮೆ ಮೈ ತೊಳೆಯುವವರೂ ಹೋಗುತ್ತಾರೆ. ೧೨ ವೋಲ್ಟಿನಲ್ಲಿ ಆ ಭಯವಿಲ್ಲ, ಆದರೆ ಬೆಂಕಿಯ ಭಯವುಂಟು. ೬೦೦ ವಾಟಿಗೆ ಮನೆಯ ಕರೆಂಟಿನಲ್ಲಿ ಮೂರು ಆಂಪಿಯರ್ ಕೂಡ ಬೇಡ, ೧೨ ವೋಲ್ಟಿನಲ್ಲಿ ಐವತ್ತು ಆಂಪಿಯರ್ ಬೇಕು. ಮನೆಯ ದೀಪದ ತಂತಿ ಹಾಕಿದರೆ ಅದು ಕಾದು ಕರಗುತ್ತದೆ. ಕಂಪನಿಯವರು ಹೇಳಿದ ದಪ್ಪದ ತಂತಿಯನ್ನೇ ಹಾಕಿ, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಜ್ ಇಡಿ. ಬ್ಯಾಟರಿಯನ್ನು ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ದೋಣಿಯ ನಡುವೆ ತಳಕ್ಕೆ ಕಟ್ಟಿ. ಹಿಂಬದಿಯಲ್ಲಿ ಮೋಟಾರು, ಅದರ ಪಕ್ಕ ಬ್ಯಾಟರಿ, ಅದರ ಪಕ್ಕ ಮನುಷ್ಯ ಕುಳಿತರೆ ದೋಣಿಯ ಮೂತಿ ಆಕಾಶ ನೋಡುತ್ತದೆ.

ಇನ್ನು ಹೊಳೆಯ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ಅಂಜಿಕೆಯಿರುವುದು ಇಲ್ಲಿ.

ತುಂಗಭದ್ರೆಯ ದಂಡೆಯವರಿಗೆ ದೋಣಿ ಹೊಸದಲ್ಲ. ಇದೇ ಹೊಳೆಯ ದಂಡೆಯ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನವರ ನೆಲ. ಹಂಪಿ, ಆನೆಗೊಂದಿಗಳ ಹರಿಗೋಲನ್ನು ನೋಡದವರು ಕಡಿಮೆ. ಆ ಹರಿಗೋಲಿಗೆ ಮೋಟಾರು ಕಟ್ಟಬಹುದೇ ಎಂದರೆ ಬೇಡವೆಂದೇ ಹೇಳುತ್ತೇನೆ. ಅದು ದುಂಡಗಿದೆ, ಮುಂದು ಹಿಂದು ಎಂಬುದಿಲ್ಲ, ಮೋಟಾರು ಬಿಗಿಯಲು ಹಲಗೆಯಿಲ್ಲ. ಒಂದು ಅಂಚಿನಿಂದ ನೂಕಿದರೆ ಮುಂದೆ ಹೋಗುವುದಕ್ಕಿಂತ ಗಿರಕಿ ಹೊಡೆಯುವುದೇ ಹೆಚ್ಚು. ಬಿದಿರ ಅಂಚಿನ ಮೇಲೆ ಮೋಟಾರಿನ ಭಾರ ಬಿದ್ದರೆ ಆ ಬದಿಗೆ ನೀರು ನುಗ್ಗುತ್ತದೆ. ಹರಿಗೋಲಿನ ಜಾಣತನವೆಲ್ಲ ಅಂಬಿಗನ ಕೈಯಲ್ಲಿದೆ, ಅದನ್ನು ಅಲ್ಲಿಯೇ ಬಿಡುವುದು ಕ್ಷೇಮ.

ಹಲಗೆಯ ದೋಣಿ, ಫೈಬರ್ ದೋಣಿಗಳಿಗೆ ಮೋಟಾರು ಕೂಡುತ್ತದೆ. ಆದರೆ ಮೇಲೆ ಹೇಳಿದ ವೇಗವನ್ನು ನೆನಪಿಸಿಕೊಳ್ಳಿ, ತಾಸಿಗೆ ೫-೬ ಕಿಲೋಮೀಟರು. ಹೊಳೆ ಸೆಕೆಂಡಿಗೆ ಒಂದೂವರೆ ಮೀಟರು ಹರಿಯುತ್ತಿದ್ದರೆ ಅದರ ವೇಗವೂ ತಾಸಿಗೆ ೫ ಕಿಲೋಮೀಟರಿನ ಮೇಲೆಯೇ. ಎದುರು ಹೋಗುವ ದೋಣಿ ಪಂಖಾ ತಿರುಗುತ್ತಲೇ ಇದ್ದಲ್ಲೇ ಇರುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತಿರುತ್ತದೆ. ಮಳೆಗಾಲದ ಹೊಳೆ ಇದಕ್ಕಿಂತ ಬಿರುಸು. ಬ್ಯಾರೇಜಿನ ಹಿನ್ನೀರು ಬೇಸಿಗೆಯಲ್ಲಿ ಕೆರೆಯಂತೆ ನಿಂತಿರುತ್ತದೆ, ಬಾಗಿಲು ಎತ್ತಿದ ಹೊತ್ತಿಗೆ ಅದೇ ನೀರಿಗೆ ಸೆಳವು ಬರುತ್ತದೆ. ಹುಟ್ಟು ಹಾಕುವವನಿಗೆ ಈ ಬದಲಾವಣೆ ಮೊದಲು ರಟ್ಟೆಗೆ ತಿಳಿಯುತ್ತದೆ, ಅವನು ತಿರುಗಿ ಬರುತ್ತಾನೆ. ಮೋಟಾರಿನ ಹಿಡಿಕೆ ಹಿಡಿದು ಕುಳಿತವನಿಗೆ ಏನೂ ತಿಳಿಯುವುದಿಲ್ಲ. ನಡುಹೊಳೆಯಲ್ಲಿ ಬ್ಯಾಟರಿ ಸುಸ್ತಾದಾಗ ತಿಳಿಯುತ್ತದೆ. ಆಚೆ ದಂಡೆಯ ಹೊಲಕ್ಕೆ ಹೆಣ್ಣಾಳುಗಳನ್ನು ಕೂಡಿಸಿಕೊಂಡು ಹೋಗುವವರು ಇದನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬಾಗಿಲು ಎತ್ತುವ ಮುನ್ಸೂಚನೆ ಬಂದ ದಿನ ದೋಣಿ ದಂಡೆಯ ಮೇಲಿರಬೇಕು, ಮೋಟಾರು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

೨೦೧೯ರ ಜನವರಿಯಲ್ಲಿ ಕಾರವಾರದ ಬಳಿ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ನಮ್ಮ ಉತ್ತರ ಕರ್ನಾಟಕದ ಒಳನಾಡಿನಿಂದ ಹೋದ ಕುಟುಂಬದವರೂ ಅದರಲ್ಲಿದ್ದರು. ಆ ದೋಣಿಗೆ ಎಂಜಿನ್ ಇತ್ತು. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಹೇರಿದ ದೋಣಿಯನ್ನು ಯಾವ ಎಂಜಿನ್ನೂ ಕಾಯುವುದಿಲ್ಲ. ಆದ್ದರಿಂದ ನನ್ನ ಕೊಳ್ಳುವ ಕ್ರಮ ಹೀಗಿದೆ: ಮೊದಲು ಸೋರದ ದೋಣಿ, ಆಮೇಲೆ ದೋಣಿಯಲ್ಲಿ ಕೂಡುವ ಪ್ರತಿಯೊಬ್ಬರಿಗೂ ಒಂದೊಂದು ಜೀವರಕ್ಷಕ ಜಾಕೀಟು, ಆಮೇಲೆ ಎರಡು ಹುಟ್ಟು, ಇವೆಲ್ಲ ಆದ ಮೇಲೆ ಹಣ ಉಳಿದರೆ ಮೋಟಾರು. ಜಾಕೀಟು ಗೂಟಕ್ಕೆ ನೇತುಹಾಕುವ ಅಲಂಕಾರವಲ್ಲ, ಮೈಮೇಲಿರಬೇಕು. ಮೋಟಾರು ಕಟ್ಟಿ ಜನರನ್ನು ಬಾಡಿಗೆಗೆ ದಾಟಿಸುವ ವಿಚಾರವಿದ್ದರೆ ಅದು ಯಾಂತ್ರಿಕ ದೋಣಿಯಾಗುತ್ತದೆ. ೨೦೨೧ರ ಒಳನಾಡು ಹಡಗುಗಳ ಕಾಯಿದೆಯಂತೆ ನೋಂದಣಿ, ತಪಾಸಣೆಗಳ ಬಗ್ಗೆ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಕಯಾಕ್ ಎಂಬ ಒಬ್ಬರು ಕೂಡುವ ಕಿರುದೋಣಿಯ ಬಗೆಗೂ ಯುವಕರು ಕೇಳುತ್ತಾರೆ. ಹೊನ್ನಾವರದ ಕಡೆ ಶರಾವತಿಯ ಕಾಂಡ್ಲಾ ಕಾಡಿನಲ್ಲಿ ಪ್ರವಾಸಿಗರು ಅದರಲ್ಲಿ ತಿರುಗುತ್ತಾರೆ. ಅತಿ ಚಿಕ್ಕ ಮೋಟಾರು ಸಾಕು, ಬಹಳ ಹಗುರ, ಅಷ್ಟೇ ಬೇಗ ಮಗುಚುವ ವಸ್ತು. ಬಲೆ ಎತ್ತಲು, ಮೇವು ತರಲು ಅದು ಬರುವುದಿಲ್ಲ.

ಮಾಗಡಿ ಕೆರೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಲೇಖನ ಅರ್ಧವಾದೀತು. ಶಿರಹಟ್ಟಿ ತಾಲ್ಲೂಕಿನ ಆ ಕೆರೆ ಸುಮಾರು ೫೦ ಹೆಕ್ಟೇರಿನದು, ನೀರಾವರಿಗೆಂದು ಕಟ್ಟಿದ್ದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ೨೦೨೪ರಲ್ಲಿ ಅದು ರಾಮ್ಸಾರ್ ತಾಣವೆಂದು ಜಗತ್ತಿನ ಪಟ್ಟಿಗೆ ಸೇರಿತು. ವಿದ್ಯುತ್ ದೋಣಿಗೆ ಸದ್ದಿಲ್ಲ, ಹೊಗೆಯಿಲ್ಲ, ಆದ್ದರಿಂದ 'ಪರಿಸರಕ್ಕೆ ಒಳ್ಳೆಯದು' ಎಂದು ಹೇಳಿ ಇಂಥ ಕೆರೆಗೆ ವಿಹಾರದ ದೋಣಿ ಬಿಡುವ ಮಾತು ನಾಳೆ ಯಾರಾದರೂ ಎತ್ತಬಹುದು. ನನಗೆ ಅದು ಸರಿ ಕಾಣುವುದಿಲ್ಲ. ಹಕ್ಕಿ ಹೆದರುವುದು ಎಂಜಿನ್ನಿನ ಸದ್ದಿಗೆ ಮಾತ್ರವಲ್ಲ, ಹತ್ತಿರ ಬರುವ ಮನುಷ್ಯನಿಗೂ ಹೆದರುತ್ತದೆ. ಸದ್ದಿಲ್ಲದೆ ತೀರ ಸಮೀಪ ಬಂದ ದೋಣಿ ಹಿಂಡನ್ನು ಇನ್ನೂ ಗಾಬರಿಗೊಳಿಸುತ್ತದೆ. ಹಗಲು ಕೆರೆಯಲ್ಲಿ ಕೂತು ರಾತ್ರಿ ನಿಮ್ಮ ಕಡಲೆ, ಶೇಂಗಾ ಹೊಲಗಳಲ್ಲಿ ಮೇಯುವ ಹಕ್ಕಿಗಳವು. ಆ ಸುತ್ತಿನ ರೈತರು ಅಷ್ಟು ನಷ್ಟವನ್ನು ಸಹಿಸಿಕೊಂಡು ಅವುಗಳನ್ನು ಉಳಿಸಿಕೊಂಡು ಬಂದಿದ್ದಾರೆ. ವಿಹಾರದ ದೋಣಿಯವರು ಬಂದು ಅವನ್ನು ಓಡಿಸುವುದು ಆ ರೈತರಿಗೇ ಮಾಡಿದ ಅವಮಾನವಾದೀತು.

ಸಹಾಯಧನದ ವಿಷಯ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ದೋಣಿ, ಬಲೆಗಳಿಗೆ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇಕಡಾ ೪೦, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ ೬೦ ನೆರವನ್ನು ಗೊತ್ತುಮಾಡಲಾಗಿತ್ತು. ಈಗ ಯಾವ ಯೋಜನೆ ನಡೆದಿದೆ, ಅದರಲ್ಲಿ ಮೋಟಾರು ಸೇರುತ್ತದೆಯೇ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಲ್ಲಿ ಕೇಳಿಕೊಳ್ಳಿ. ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಬೇಡದ್ದನ್ನು ಕೊಂಡವರ ಹಿತ್ತಲುಗಳನ್ನು ನಾನು ಬಹಳ ನೋಡಿದ್ದೇನೆ.

ಮುಳಗುಂದದ ಆ ರೈತರಿಗೆ ಕೊನೆಗೆ ಫೋನಿನಲ್ಲಿ ಇಷ್ಟು ಹೇಳಿದೆ. ಈ ಹಂಗಾಮು ಹುಟ್ಟಿನಲ್ಲಿಯೇ ಸಾಗಿಸಿ. ಮಗನ ಕೈಗೆ ಒಂದು ವಹಿ ಕೊಡಿ. ದಿನಕ್ಕೆ ಎಷ್ಟು ಹೊತ್ತು ಹುಟ್ಟು ಹಾಕಿದಿರಿ, ಎಷ್ಟು ದಿನ ಗಾಳಿಯಿಂದ ಬಲೆ ಎತ್ತದೆ ಹಾಗೇ ಬಂದಿರಿ, ಕೆರೆಯಲ್ಲಿ ಎಲ್ಲಿಯವರೆಗೆ ಕಳೆಯಿದೆ, ಯಾವ ತಿಂಗಳಿಗೆ ನೀರು ದೋಣಿ ತೇಲದಷ್ಟು ಇಳಿಯಿತು ಎಂಬುದನ್ನು ಅವನು ಬರೆದಿಡಲಿ. ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಹುಟ್ಟು ಬಿದ್ದಿದ್ದರೆ, ವರ್ಷಕ್ಕೆ ಎಂಟು ತಿಂಗಳು ನೀರು ನಿಂತಿದ್ದರೆ, ಐವರೂ ಕೂಡಿ ೩೦ ಪೌಂಡಿನ ಒಂದು ಮೋಟಾರು ಕೊಳ್ಳಿ, ಬ್ಯಾಟರಿಯನ್ನು ಸರದಿಯ ಮೇಲೆ ಇನ್ವರ್ಟರಿಗೂ ದುಡಿಸಿ. ಇಲ್ಲವಾದರೆ ಆ ಹಣದಲ್ಲಿ ಹೊಸ ಫೈಬರ್ ದೋಣಿ ತನ್ನಿ, ಹಗುರ ದೋಣಿಗೆ ಹುಟ್ಟೂ ಹಗುರ. "ಹುಡುಗ ಒಪ್ಪಬೇಕಲ್ರಿ" ಎಂದು ನಕ್ಕರು. ವಹಿಯಲ್ಲಿ ಬರೆಯುವ ಕೆಲಸವನ್ನು ಹುಡುಗ ಒಪ್ಪಿಕೊಂಡಿದ್ದಾನೆಂದು ಆಮೇಲೆ ತಿಳಿಯಿತು. ಮುಂದಿನ ಕಡಲೆ ಹಂಗಾಮಿಗೆ ಹೋದಾಗ ಅದನ್ನು ನೋಡಬೇಕೆಂದಿದ್ದೇನೆ.